ಅಲ್ಪವ್ಯಯದ ಸ್ಲಾಷರ್ ಚಿತ್ರಗಳು: ಗುಣದೋಷ ವಿವೇಚನೆ

ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದಾದರೂ ನಮ್ಮ ಕಾವ್ಯವಿಮರ್ಶೆ ಅದರ ಕಡೆಗೆ ಹರಿಸಿರುವ ಲಕ್ಷ್ಯ ಬಹು ಸ್ವಲ್ಪ. ಶೃಂಗಾರಕ್ಕೆ ಗ್ರಂಥಗಳೇ ಮೀಸಲಾದುವು. ವೀರಕರುಣಗಳಿಗೆ ಮಹಾಕಾವ್ಯಗಳ ಆಶ್ರಯ ದೊರೆಯಿತು. ಭಯಾನಕವಾದರೋ ಸ್ಮಶಾನವರ್ಣನೆಯ ಕೆಲವು ಪದ್ಯಗಳಲ್ಲಿಯೋ ರಣರಂಗದ ಭೂತಪಿಶಾಚಗಳ ನಡುವೆಯೋ ಅಂಗರಸವಾಗಿ ಬಂದು ಹೋಗುವುದರಲ್ಲಿಯೇ ತೃಪ್ತಿಪಡಬೇಕಾಯಿತು. ಭಯವೊಂದನ್ನೇ ಸ್ಥಾಯಿಯಾಗಿ ಇಟ್ಟುಕೊಂಡು ಒಂದೂವರೆ ಗಂಟೆಯ ಕಾಲ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸಬಲ್ಲ ಕೃತಿ ಸಾಧ್ಯವೇ, ಸಾಧ್ಯವಾದರೆ ಅದರಿಂದ ಆಗತಕ್ಕದ್ದು ರಸಾನುಭವವೇ ಅಥವಾ ಬರಿಯ ನರಗಳ ಉದ್ರೇಕವೇ ಎಂಬ ಪ್ರಶ್ನೆಯನ್ನು ನಮ್ಮ ಕಾಲಕ್ಕೆ ತಂದೊಡ್ಡಿದುದು ಚಲಚ್ಚಿತ್ರ. ಅದರಲ್ಲಿಯೂ ಈ ಪ್ರಶ್ನೆ ಅತ್ಯಂತ ನಗ್ನವಾಗಿ ನಿಲ್ಲುವುದು ಅಮೆರಿಕ, ಕೆನಡಾ ದೇಶಗಳಲ್ಲಿ ೧೯೭೪ರಿಂದೀಚೆಗೆ ದೊಡ್ಡ ಸ್ಟುಡಿಯೋಗಳ ಹಂಗಿಲ್ಲದೆ ಸ್ವಲ್ಪ ಹಣದಲ್ಲಿ ತಯಾರಾದ 'ಸ್ಲಾಷರ್' ಚಿತ್ರಗಳಲ್ಲಿ.

ಸ್ಲಾಷರ್ ಎಂದರೆ ಸೀಳುವವನು, ಇರಿಯುವವನು. ಮುಖ ಕಾಣದ ಒಬ್ಬ ಕೊಲೆಗಾರ. ಪಟ್ಟಣದ ಅಂಚಿನ ಮನೆಯೋ ಕಾಡಿನ ಶಿಬಿರವೋ ಒಂದು ಜಾಗ. ಅಲ್ಲಿ ಸೇರಿದ ಕೆಲವು ತರುಣ ತರುಣಿಯರು. ಒಬ್ಬರಾದ ಮೇಲೊಬ್ಬರಂತೆ ಅವರ ಸಾವು. ಕೊನೆಗೆ ಉಳಿಯುವ ಒಬ್ಬಳು ಹುಡುಗಿ. ಕಥೆ ಇಷ್ಟೇ. ಇಂಥ ಕೃತಿಗಳನ್ನು ವಿದ್ಯಾಪೀಠದ ಸಂಚಿಕೆಯಲ್ಲಿ ವಿಚಾರಿಸುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ವಿದ್ಯಾರ್ಥಿಗಳು ಇವನ್ನು ನೋಡುತ್ತಲೇ ಇದ್ದಾರೆ. ನೋಡಿದ್ದನ್ನು ಕುರಿತು ಯೋಚಿಸಲು ಅವರಿಗೆ ಸಾಧನಗಳನ್ನು ಒದಗಿಸದೆ ಮುಖ ತಿರುಗಿಸಿಕೊಳ್ಳುವುದು ಅಧ್ಯಾಪಕರ ಧರ್ಮವೆಂದು ನಮಗೆ ತೋರುವುದಿಲ್ಲ.

ಸಾಧನ ನಮ್ಮಲ್ಲಿಯೇ ಉಂಟು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡುವ ಜಿಂಕೆಯನ್ನು ಯಾರು ಮರೆತಾರು? ಅದು ಕೊರಳು ತಿರುಗಿಸಿ ತಿರುಗಿಸಿ ಹಿಂದಕ್ಕೆ ನೋಡುತ್ತದೆ. ಅರೆಮೇದ ಹುಲ್ಲು ಬಾಯಿಂದ ದಾರಿಯುದ್ದಕ್ಕೂ ಉದುರುತ್ತದೆ. ಭಯಾನಕರಸ ಹೇಗೆ ಆಸ್ವಾದ್ಯವಾಗುತ್ತದೆಂಬುದನ್ನು ವಿವರಿಸುವಾಗ ಅಭಿನವಗುಪ್ತನು ಉದಾಹರಣೆಯಾಗಿ ಆರಿಸಿಕೊಂಡದ್ದು ಈ ಪದ್ಯವನ್ನೇ. ಆ ಜಿಂಕೆ ಇಂಥದೇ ಒಂದು ಜಿಂಕೆಯೆಂಬ ವಿಶೇಷ ಕಳಚಿಹೋಗುತ್ತದೆ. ಹೆದರಿಸುವವನೂ ವಾಸ್ತವವಾಗಿ ಅಲ್ಲಿಲ್ಲ. ಆದುದರಿಂದ ದೇಶಕಾಲಗಳ ಕಟ್ಟಿಲ್ಲದ ಭಯವೊಂದೇ ಸಹೃದಯನ ಹೃದಯವನ್ನು ಹೊಗುತ್ತದೆ. 'ನಾನು ಹೆದರಿದ್ದೇನೆ' ಎಂಬುದೂ ಇಲ್ಲ, 'ಅದು ಹೆದರಿದೆ, ನನಗೇನು' ಎಂಬುದೂ ಇಲ್ಲ ಎಂಬುದು ಆಚಾರ್ಯನ ಅಭಿಪ್ರಾಯ. ಇದಕ್ಕೆ ನಾವು ಒಂದು ಮಾತನ್ನು ಸೇರಿಸಬಯಸುತ್ತೇವೆ. ಆ ಜಿಂಕೆಯನ್ನು ನಾವು ನೋಡುತ್ತಿರುವುದು ಯಾರ ಕಣ್ಣಿನಿಂದ? ಬಿಲ್ಲಿಗೆ ಬಾಣ ಹೂಡಿ ಬೆನ್ನಟ್ಟಿರುವ ರಾಜನ ಕಣ್ಣಿನಿಂದ. ಕಣ್ಣು ಬೇಟೆಗಾರನದು, ಭಯ ಜಿಂಕೆಯದು. ಈ ಎರಡೂ ಒಂದೇ ಕ್ಷಣದಲ್ಲಿ ಕೂಡಿಬಂದುದರಿಂದಲೇ ಆ ಪದ್ಯಕ್ಕೆ ಅಷ್ಟು ಶಕ್ತಿ. ಸ್ಲಾಷರ್ ಚಿತ್ರಗಳ ಗುಣವನ್ನೂ ದೋಷವನ್ನೂ ಅಳೆಯಲು ಇದಕ್ಕಿಂತ ಉತ್ತಮವಾದ ಅಳತೆಗೋಲು ನಮಗೆ ಕಾಣದು.

ಈ ಬಗೆಯ ಚಿತ್ರಗಳಿಗೆ ಮೂಲ ಹಿಚ್‌ಕಾಕನ 'ಸೈಕೋ' (೧೯೬೦) ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆತನೂ ಅದನ್ನು ತನ್ನ ದೂರದರ್ಶನ ಕಾರ್ಯಕ್ರಮದ ಕೆಲಸಗಾರರನ್ನು ಕೂಡಿಸಿಕೊಂಡು ಕಪ್ಪುಬಿಳುಪಿನಲ್ಲಿ, ಆತನ ಹಿಂದಿನ ಚಿತ್ರಗಳಿಗೆ ಹೋಲಿಸಿದರೆ ಮಿತವ್ಯಯದಿಂದಲೇ ತಯಾರಿಸಿದನು. ಇಟಲಿಯ ಮಾರಿಯೋ ಬಾವನ ಪ್ರಭಾವವನ್ನೂ ಅಲ್ಲಗಳೆಯಲಾಗದು. ಆದರೆ ಸಂಪ್ರದಾಯ ರೂಪುಗೊಂಡುದು ೧೯೭೪ರಲ್ಲಿ. ಆ ವರ್ಷ ಕೆನಡಾದಲ್ಲಿ ಬಾಬ್ ಕ್ಲಾರ್ಕರ 'ಬ್ಲ್ಯಾಕ್ ಕ್ರಿಸ್ಮಸ್', ಟೆಕ್ಸಸ್ಸಿನಲ್ಲಿ ಟೋಬ್ ಹೂಪರರ 'ದಿ ಟೆಕ್ಸಸ್ ಚೈನ್ ಸಾ ಮ್ಯಾಸಕರ್' ಹೊರಬಂದುವು. ನಾಲ್ಕು ವರ್ಷಗಳ ಅನಂತರ ಜಾನ್ ಕಾರ್ಪೆಂಟರರ 'ಹ್ಯಾಲೊವೀನ್' ಬಂದಿತು. ಮೊದಲು ಇದನ್ನು ಎತ್ತಿಕೊಳ್ಳುತ್ತೇವೆ. ಏತಕ್ಕೆಂದರೆ ಬಡತನವು ಕಲೆಗೆ ಒದಗಿಬರುವ ಪರಿ ಇದರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದಿಲ್ಲ.

ಹ್ಯಾಲೊವೀನಿಗೆ ತಗುಲಿದ ವೆಚ್ಚ ಸುಮಾರು ೩ ಲಕ್ಷ ಡಾಲರು; ಚಿತ್ರೀಕರಣ ನಡೆದುದು ೧೯೭೮ರ ವಸಂತದಲ್ಲಿ, ಸುಮಾರು ಮೂರು ವಾರ. ಕಥೆ ನಡೆಯುವುದು ಇಲಿನಾಯ್ ಸಂಸ್ಥಾನದ ಒಂದು ಕಲ್ಪಿತ ಊರಿನಲ್ಲಿ, ಅಕ್ಟೋಬರ್ ಕೊನೆಯ ದಿನ. ಚಿತ್ರ ತೆಗೆದುದು ಕ್ಯಾಲಿಫೋರ್ನಿಯದಲ್ಲಿ. ಎಲೆಯುದುರುವ ಕಾಲವಲ್ಲದ್ದರಿಂದ ಬಣ್ಣ ಬಳಿದ ಎಲೆಗಳನ್ನು ಬೀದಿಯಲ್ಲಿ ಹರಡಿ, ದೃಶ್ಯ ಮುಗಿದ ಮೇಲೆ ಅವನ್ನೇ ಗುಡಿಸಿ ಚೀಲಕ್ಕೆ ತುಂಬಿಟ್ಟುಕೊಂಡು ಮತ್ತೆ ಬಳಸಿದರು. ಕಣ್ಣಿಟ್ಟು ನೋಡಿದವರಿಗೆ ಹಿನ್ನೆಲೆಯಲ್ಲಿ ಉತ್ತರದ ಆ ಊರಿನಲ್ಲಿ ಬೆಳೆಯಲಾರದ ತಾಳೆಯ ಜಾತಿಯ ಮರಗಳೂ ಕಾಣುತ್ತವೆ. ಇವು ದೋಷಗಳೇ, ಆದರೆ ಯಾರ ರಸಾಸ್ವಾದಕ್ಕೂ ಅಡ್ಡಿಯಾಗದ ದೋಷಗಳು. ಕೊಲೆಗಾರನ ಮುಖವಾಡವಂತೂ ಎರಡು ಡಾಲರಿಗೂ ಕಡಮೆ ಬೆಲೆಯದು. ಜನಪ್ರಿಯ ದೂರದರ್ಶನ ಮಾಲೆಯೊಂದರ ನಾಯಕನಟನ ಮುಖವನ್ನು ಹೋಲುವ ರಬ್ಬರಿನ ಮುಖವಾಡವನ್ನು ಅಂಗಡಿಯಿಂದ ತಂದು, ಹುಬ್ಬುಗಳನ್ನು ಕಿತ್ತು, ಕಣ್ಣಿನ ತೂತುಗಳನ್ನು ಹಿಗ್ಗಿಸಿ, ಬಿಳಿಯ ಬಣ್ಣ ಹೊಡೆದರು. ಫಲವಾಗಿ ಮೂಡಿದುದು ಯಾರ ಮುಖವೂ ಅಲ್ಲದ ಮುಖ. ಹಣವಿದ್ದಿದ್ದರೆ ಕುಶಲಿಯಾದ ಶಿಲ್ಪಿಯೊಬ್ಬನು ಕ್ರೌರ್ಯ ತುಳುಕುವ ರಾಕ್ಷಸನ ಮುಖವನ್ನು ಕೆತ್ತಿಕೊಡುತ್ತಿದ್ದನು. ಆ ಮುಖ ತನ್ನ ಅರ್ಥವನ್ನೆಲ್ಲ ಒಮ್ಮೆಗೇ ಹೇಳಿ ಮುಗಿಸಿಬಿಡುತ್ತಿದ್ದಿತು. ಈ ಬಿಳಿಯ ಮುಖವಾದರೋ ಏನನ್ನೂ ಹೇಳುವುದಿಲ್ಲ. ಹೇಳಬೇಕಾದುದೆಲ್ಲ ನೋಡುವವರ ಮನಸ್ಸಿನಲ್ಲಿಯೇ ಹುಟ್ಟಬೇಕು. ಧ್ವನಿಯೆಂದು ಆನಂದವರ್ಧನನು ಕರೆದುದರ ವ್ಯಾಪಾರ ಇಲ್ಲಿಯೂ ನಡೆದಿದೆ ಎಂದರೆ ಅತಿಶಯೋಕ್ತಿಯಾಗಲಾರದು. ನಟರ ಪಟ್ಟಿಯಲ್ಲಿ ಆ ಪಾತ್ರಕ್ಕೆ ಕೊಟ್ಟ ಹೆಸರೂ 'ಆಕೃತಿ' ಎಂದು ಮಾತ್ರ.

ಚಿತ್ರದ ಆರಂಭವನ್ನು ಗಮನಿಸಬೇಕು. ೧೯೬೩ನೆಯ ಇಸವಿಯ ಒಂದು ರಾತ್ರಿ. ಒಂದೇ ಓಟದಲ್ಲಿ ತೆಗೆದಂತೆ ಕಾಣುವ, ಸುಮಾರು ನಾಲ್ಕು ನಿಮಿಷದ ಆ ದೃಶ್ಯದಲ್ಲಿ ಕ್ಯಾಮರಾ ಒಬ್ಬ ವ್ಯಕ್ತಿಯ ಕಣ್ಣಾಗಿ ಮನೆಯನ್ನು ಸುತ್ತುತ್ತದೆ, ಅಡುಗೆಮನೆಯಲ್ಲಿ ಚಾಕು ಎತ್ತಿಕೊಳ್ಳುತ್ತದೆ, ಮೆಟ್ಟಿಲು ಹತ್ತುತ್ತದೆ, ಮುಖವಾಡ ತೊಟ್ಟು ಅದರ ಎರಡು ತೂತುಗಳೊಳಗಿಂದ ಒಬ್ಬ ಯುವತಿಯ ಕೊಲೆಯನ್ನು ನೋಡುತ್ತದೆ. ಆಮೇಲೆ ಹೊರಗೆ ಬಂದಾಗ ತಂದೆ ತಾಯಿ ಆ ಮುಖವಾಡವನ್ನು ತೆಗೆಯುತ್ತಾರೆ. ಕ್ಯಾಮರಾ ಹಿಂದೆ ಸರಿಯುತ್ತದೆ. ನಿಂತಿರುವುದು ಆರು ವರ್ಷದ ಹುಡುಗ. ಸತ್ತವಳು ಅವನ ಅಕ್ಕ. ಇಷ್ಟು ಹೊತ್ತು ನಾವು ಯಾರ ಕಣ್ಣಿನಲ್ಲಿ ಕುಳಿತಿದ್ದೆವೋ ಆ ಕಣ್ಣಿನ ಯಜಮಾನನನ್ನು ಕಂಡಾಗ ಆಗುವ ಬೆಚ್ಚು ಕೇವಲ ಕಥೆಯ ತಿರುವಿನದಲ್ಲ. ಬೇಟೆಗಾರನ ಕಣ್ಣನ್ನು ನಮಗೆ ಕೊಟ್ಟು, ಅದನ್ನು ಹೊತ್ತ ಹೊಣೆಯನ್ನೂ ಕೊಟ್ಟಂತಾಯಿತು.

ಅಲ್ಲಿಂದ ಮುಂದೆ ಚಿತ್ರದ ಅರ್ಧದಷ್ಟು ಭಾಗ ಬಹುಮಟ್ಟಿಗೆ ಹಗಲು. ಲಾರಿ ಎಂಬ ಹುಡುಗಿ ಶಾಲೆಗೆ ಹೋಗುತ್ತಾಳೆ, ಗೆಳತಿಯರೊಡನೆ ಹರಟುತ್ತ ಮನೆಗೆ ನಡೆಯುತ್ತಾಳೆ, ಸಂಜೆ ನೆರೆಯ ಮನೆಯ ಮಗುವನ್ನು ನೋಡಿಕೊಳ್ಳಲು ಹೋಗುತ್ತಾಳೆ. ಬೇಲಿಯ ಪಕ್ಕದಲ್ಲಿ, ಒಣಹಾಕಿದ ಬಟ್ಟೆಗಳ ನಡುವೆ, ಬೀದಿಯಾಚೆ ಆ ಆಕೃತಿ ನಿಂತಿರುತ್ತದೆ. ಮತ್ತೆ ನೋಡಿದರೆ ಇರುವುದಿಲ್ಲ. ಅಗಲವಾದ ತೆರೆಯ ಒಂದು ಅಂಚಿನಲ್ಲಿ ಅದನ್ನು ನಿಲ್ಲಿಸಿ ಉಳಿದ ಜಾಗವನ್ನೆಲ್ಲ ಖಾಲಿ ಬಿಡುವುದು ಕಾರ್ಪೆಂಟರರ ರೀತಿ. (ಅಂಗೈಯಗಲದ ಫೋನಿನಲ್ಲಿ ಈ ಚಿತ್ರವನ್ನು ನೋಡಿ ಇದರಲ್ಲಿ ಹೆದರುವಂಥದೇನೂ ಇಲ್ಲವೆನ್ನುವ ವಿದ್ಯಾರ್ಥಿಗಳು ನಿಜವಾಗಿ ನೋಡಿರುವುದು ಅದರ ಕಾಲುಭಾಗವನ್ನು.) ಇಲ್ಲಿ ನಿರ್ದೇಶಕರು ಹಣಕ್ಕೆ ಬದಲಾಗಿ ವೆಚ್ಚ ಮಾಡಿರುವುದು ಕಾಲವನ್ನು. ಸಾಯಲಿರುವವರನ್ನು ಬದುಕಿರುವವರಾಗಿ ತೋರಿಸಲು ಅವರಿಗೆ ತಾಳ್ಮೆಯುಂಟು. ಸಹಲೇಖಕಿಯೂ ನಿರ್ಮಾಪಕಿಯೂ ಆದ ಡೆಬ್ರಾ ಹಿಲ್ ಬರೆದ ಹುಡುಗಿಯರ ಮಾತು ಕೆಲವೆಡೆ ಪೊಳ್ಳಾಗಿದ್ದರೂ ಪ್ರಾಯದ ಹುಡುಗಿಯರ ಮಾತೇ ಆಗಿದೆ. ಜಿಂಕೆ ಹುಲ್ಲು ಮೇಯುತ್ತಿದ್ದುದನ್ನು ಕಂಡವರಿಗೆ ಮಾತ್ರ ಬಾಯಿಂದ ಉದುರುವ ಹುಲ್ಲಿನ ಅರ್ಥ ತಿಳಿದೀತು.

ಸಂಗೀತದ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಅದನ್ನೂ ಕಾರ್ಪೆಂಟರರೇ ಕೆಲವೇ ದಿನಗಳಲ್ಲಿ ಹೊಸೆದರು. ಪಿಯಾನೋವಿನ ಒಂದು ಸಣ್ಣ ಪಲುಕು, ಐದು ಎಣಿಕೆಯ ತಾಳ. ನಮ್ಮ ಖಂಡಚಾಪುವಿಗೆ ಒಗ್ಗಿದ ಕಿವಿಗೆ ಅದು ವಿಚಿತ್ರವಾಗಿ ಕೇಳಿಸದಿದ್ದರೂ ನಾಲ್ಕರ ನಡೆಗೆ ಒಗ್ಗಿದವರಿಗೆ ಪ್ರತಿ ಆವರ್ತದಲ್ಲಿಯೂ ಒಂದು ಹೆಜ್ಜೆ ಹೆಚ್ಚಾಗಿ ಕಾಡುತ್ತದೆ. ಸಂಗೀತವಿಲ್ಲದ ಪ್ರತಿಯನ್ನು ನೋಡಿದ ಸ್ಟುಡಿಯೋದ ಅಧಿಕಾರಿಯೊಬ್ಬರಿಗೆ ಭಯವೇ ಆಗಲಿಲ್ಲವೆಂದು ಕಾರ್ಪೆಂಟರರೇ ಹೇಳಿಕೊಂಡಿದ್ದಾರೆ. ಚಿತ್ರದ ಕೊನೆಯಲ್ಲಿ ಗುಂಡೇಟು ತಿಂದು ಮಾಳಿಗೆಯಿಂದ ಬಿದ್ದ ಆಕೃತಿ ಮಾಯವಾಗುತ್ತದೆ. ಆಗ ತೆರೆಯ ಮೇಲೆ ಬರುವುದು ಒಂದಾದ ಮೇಲೊಂದರಂತೆ ಬರಿಯ ಕೋಣೆಗಳು, ಮೆಟ್ಟಿಲು, ಮನೆಯ ಹೊರಮೈ. ಹಿಂದೆ ಉಸಿರಾಟದ ಸದ್ದು. ಭಯಾನಕದ ವಿಭಾವಗಳನ್ನು ಪಟ್ಟಿ ಮಾಡುವಾಗ ಭರತನು ಶೂನ್ಯಗೃಹವನ್ನೂ ಅರಣ್ಯವನ್ನೂ ಹೇಳಿದ್ದಾನೆ. ಎರಡು ಸಾವಿರ ವರ್ಷಗಳಾಚೆ ಒಬ್ಬ ಅಮೆರಿಕನ್ ತರುಣನು ಕೈಯಲ್ಲಿ ಕಾಸಿಲ್ಲದ ಕಾರಣಕ್ಕೆ ಅದೇ ಶೂನ್ಯಗೃಹಕ್ಕೆ ಬಂದು ಮುಟ್ಟಿದನು. ಖಾಲಿ ಕೋಣೆಗೆ ಬಾಡಿಗೆ ಕಡಮೆ. ಆ ಚಿತ್ರ ಪ್ರಪಂಚದಲ್ಲೆಲ್ಲ ಸುಮಾರು ೭ ಕೋಟಿ ಡಾಲರುಗಳನ್ನು ಗಳಿಸಿತು. ಮುಂದಿನ ಅನರ್ಥಗಳಿಗೆಲ್ಲ ಈ ಲೆಕ್ಕವೇ ಕಾರಣವಾಯಿತೆಂಬುದನ್ನು ಮುಂದೆ ನೋಡೋಣ.

ಹೂಪರರ ಚಿತ್ರದ ರೀತಿ ಬೇರೆ. ಹ್ಯಾಲೊವೀನ್ ಅಚ್ಚುಕಟ್ಟಾದ ರಚನೆ. 'ಚೈನ್ ಸಾ' ಗಾಯದಂತೆ ಹಸಿ. ಸುಮಾರು ೧ ಲಕ್ಷ ೪೦ ಸಾವಿರ ಡಾಲರಿನಲ್ಲಿ, ೧೯೭೩ರ ಬೇಸಗೆಯ ಉರಿಬಿಸಿಲಿನಲ್ಲಿ, ೧೬ ಮಿಲಿಮೀಟರಿನ ಫಿಲಮಿನಲ್ಲಿ ತೆಗೆದು ಅನಂತರ ೩೫ಕ್ಕೆ ಹಿಗ್ಗಿಸಿದರು. ಹಾಗೆ ಹಿಗ್ಗಿಸಿದಾಗ ಬರುವ ಒರಟು ಕಣ, ಬಿಸಿಲಿಗೆ ಸುಟ್ಟ ಬಣ್ಣ, ಇವೆಲ್ಲ ಸೇರಿ ಚಿತ್ರಕ್ಕೆ ಸುದ್ದಿಯ ಚಿತ್ರದ ಸಾಕ್ಷ್ಯವನ್ನು ತಂದುಕೊಟ್ಟುವು. ಹೆಸರನ್ನು ಕೇಳಿ ಚಿತ್ರವನ್ನು ನೋಡದವರು ಅದು ರಕ್ತದ ಹೊಳೆಯೆಂದು ತಿಳಿದಿರುತ್ತಾರೆ. ನೋಡಿದವರಲ್ಲಿಯೂ ಹಲವರು ತಾವು ಕಾಣದುದನ್ನು ಕಂಡೆವೆಂದು ಹೇಳುವುದುಂಟು. ಮೊದಲನೆಯ ಕೊಲೆಯನ್ನೇ ನೋಡಿರಿ: ಯುವಕನೊಬ್ಬನು ಒಂದು ಮನೆಯೊಳಗೆ ಕಾಲಿಡುತ್ತಾನೆ, ಬಾಗಿಲಿನಲ್ಲಿ ಭಾರಿ ಆಳೊಬ್ಬನು ಕಾಣಿಸಿಕೊಂಡು ಸುತ್ತಿಗೆಯಿಂದ ಹೊಡೆಯುತ್ತಾನೆ, ಲೋಹದ ಬಾಗಿಲು ದಡಾರನೆ ಮುಚ್ಚುತ್ತದೆ. ಕೆಲವೇ ಕ್ಷಣಗಳ ಕೆಲಸ. ಹುಡುಗಿಯೊಬ್ಬಳನ್ನು ಮಾಂಸದ ಕೊಕ್ಕೆಗೆ ತಗುಲಿಸುವ ದೃಶ್ಯದಲ್ಲಿ ಕೊಕ್ಕೆ ಮೈಯನ್ನು ಹೊಕ್ಕುದನ್ನು ನಮಗೆ ತೋರಿಸುವುದೇ ಇಲ್ಲ. ಹೀಗಿದ್ದೂ ಬ್ರಿಟನ್ನಿನ ಪರಿಶೀಲನ ಮಂಡಳಿ ಅದಕ್ಕೆ ಪ್ರಮಾಣಪತ್ರ ಕೊಡಲು ೧೯೯೯ರವರೆಗೆ ಹಿಂಜರಿಯಿತು. ಕತ್ತರಿಸಿ ಸರಿಪಡಿಸೋಣವೆಂದರೆ ಕತ್ತರಿಸಲು ಹೆಚ್ಚೇನೂ ಇಲ್ಲ. ಭೀತಿ ಒಂದೊಂದು ದೃಶ್ಯದಲ್ಲಿರದೆ ಕೃತಿಯ ಉಸಿರಿನಲ್ಲಿಯೇ ಇದ್ದಿತು.

ಈ ಚಿತ್ರದಲ್ಲಿ ಬೇಟೆಗಾರರಿಗೂ ಒಂದು ಇತಿಹಾಸವಿದೆ. ಆ ಮನೆಯವರು ಕಸಾಯಿಖಾನೆಯಲ್ಲಿ ದುಡಿದವರು; ಸುತ್ತಿಗೆಯ ಬದಲಿಗೆ ಗಾಳಿಯ ಬಂದೂಕು ಬಂದ ಮೇಲೆ ಅವರ ಕೌಶಲಕ್ಕೆ ಬೆಲೆಯಿಲ್ಲದಾಯಿತೆಂಬ ಮಾತು ಮೊದಲಿಗೇ ಬರುತ್ತದೆ. ಕಾರಿನಲ್ಲಿ ಹೋಗುತ್ತಿರುವ ತರುಣರು ಅದನ್ನು ಹೇಸುತ್ತ ಕೇಳಿ ಮರೆಯುತ್ತಾರೆ. ಮರುಗಂಟೆಗೆ ದನಗಳ ಜಾಗದಲ್ಲಿ ತಾವೇ ನಿಂತಿರುತ್ತಾರೆ. ಗಾಲಿಕುರ್ಚಿಯ ಫ್ರ್ಯಾಂಕ್ಲಿನ್ ಎಂಬ ಪಾತ್ರವನ್ನು ಅನೇಕ ವಿಮರ್ಶಕರು ಸಹಿಸಲಾರದವನೆಂದು ದೂರಿದ್ದಾರೆ. ಅವನು ಗೊಣಗುತ್ತಾನೆ, ಹಟ ಮಾಡುತ್ತಾನೆ, ನಿಜ. ಆದರೆ ಮೇಲೆ ಹೋದ ಜೊತೆಗಾರರ ನಗು ಕೇಳುತ್ತ ಕೆಳಗೆ ಒಬ್ಬನೇ ಉಳಿದು ಅವನು ಮೂದಲಿಸುವ ಆ ಒಂದು ದೃಶ್ಯ ಪ್ರೀತಿಪಾತ್ರರಾದ ಹತ್ತು ಪಾತ್ರಗಳಿಗೆ ಸಮ. ಭಯಕ್ಕೆ ಆಲಂಬನವಾಗುವವನು ಒಳ್ಳೆಯವನೇ ಆಗಬೇಕಾಗಿಲ್ಲ, ಇರಬೇಕಾದವನು ಮಾತ್ರ ಆಗಬೇಕು. ಊಟದ ಮೇಜಿನ ದೀರ್ಘದೃಶ್ಯದಲ್ಲಿ ಕ್ಯಾಮರಾ ಸ್ಯಾಲಿಯ ಕಣ್ಣಿಗೆ ಎಷ್ಟು ಹತ್ತಿರ ಹೋಗುತ್ತದೆಂದರೆ ಅದರ ನರಗಳು ತೆರೆಯನ್ನು ತುಂಬುತ್ತವೆ. ಮೇಜಿನ ಸುತ್ತಲಿನ ನಗೆಯೆಲ್ಲ ಬೇಟೆಗಾರರದು, ಕಣ್ಣು ಜಿಂಕೆಯದು.

ಆದರೆ ಇಲ್ಲಿಯೇ ಅಲ್ಪವ್ಯಯದ ಚಿತ್ರಗಳ ಒಂದು ಕಲಂಕವನ್ನು ಹೇಳಬೇಕಾಗಿದೆ. ಉಳಿಸಿದ ಹಣವನ್ನು ಯಾರೋ ಒಬ್ಬರು ಬೇರೆ ರೂಪದಲ್ಲಿ ತೆರುತ್ತಾರೆ. ಆ ಊಟದ ದೃಶ್ಯದ ಕೆಲಸ ಒಂದೇ ಸಮನೆ ಒಂದು ದಿನಕ್ಕೂ ಮೀರಿ ನಡೆಯಿತು. ಕಿಟಕಿಗಳನ್ನು ಮುಚ್ಚಿದ್ದರು, ದೀಪಗಳ ಕಾವಿಗೆ ಮೇಜಿನ ಮೇಲಿನ ಮಾಂಸ ಕೊಳೆಯುತ್ತಿದ್ದಿತು. ಕೃತಕ ರಕ್ತದ ಕೊಳವೆ ಕೆಲಸ ಮಾಡದ್ದರಿಂದ ನಟಿ ಮ್ಯಾರಿಲಿನ್ ಬರ್ನ್ಸ್ ಅವರ ಬೆರಳನ್ನು ನಿಜವಾಗಿಯೇ ಕೊಯ್ದರು. ಚಿತ್ರ ಕೋಟಿಗಟ್ಟಲೆ ಗಳಿಸಿದರೂ ದುಡಿದವರ ಕೈಗೆ ಬಂದುದು ಅತ್ಯಲ್ಪ. ತೆರೆಯ ಮೇಲಿನ ಕಿರುಚಾಟದಲ್ಲಿ ಎಷ್ಟು ಪಾಲು ಅಭಿನಯ, ಎಷ್ಟು ಪಾಲು ಬಳಲಿಕೆ ಎಂಬುದನ್ನು ತಿಳಿದವರು ಅದರ ಸಹಜತೆಯನ್ನು ನಿಶ್ಚಿಂತೆಯಿಂದ ಹೊಗಳಲಾರರು. ಭಯವನ್ನುಂಟುಮಾಡುವವನು ವಾಸ್ತವವಾಗಿ ಅಲ್ಲಿರಬಾರದೆಂಬುದು ರಸಕ್ಕೆ ಮೊದಲ ನಿಯಮವಾದರೆ, ನಟಿಯ ಮಟ್ಟಿಗೆ ಇಲ್ಲಿ ಆ ನಿಯಮ ಮುರಿದಿದೆ. ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಈ ಚಿತ್ರವನ್ನು ತನ್ನ ಸಂಗ್ರಹದಲ್ಲಿ ಸೇರಿಸಿಕೊಂಡಿದೆ; ಅದು ತಕ್ಕ ಗೌರವವೇ. ಕೊಯ್ದ ಬೆರಳಿನ ಲೆಕ್ಕ ಮಾತ್ರ ಅದರಿಂದ ತೀರುವುದಿಲ್ಲ.

ಹ್ಯಾಲೊವೀನಿನ ಗಳಿಕೆಯನ್ನು ಕಂಡು ಹುಟ್ಟಿದ ಮೊದಲನೆಯ ದೊಡ್ಡ ಅನುಕರಣೆ ಷಾನ್ ಕನ್ನಿಂಗ್‌ಹ್ಯಾಮರ 'ಫ್ರೈಡೇ ದಿ ಥರ್ಟೀನ್ತ್' (೧೯೮೦). ಸುಮಾರು ಐದೂವರೆ ಲಕ್ಷ ಡಾಲರಿನಲ್ಲಿ ನ್ಯೂಜರ್ಸಿಯ ಬಾಲಚರರ ಶಿಬಿರವೊಂದರಲ್ಲಿ ತಯಾರಾದ ಈ ಚಿತ್ರವನ್ನು ಪ್ಯಾರಮೌಂಟ್ ಸಂಸ್ಥೆ ಕೊಂಡು ದೇಶದ ತುಂಬ ಬಿಡುಗಡೆ ಮಾಡಿತು. ಸರೋವರ, ಮಳೆ, ಕಾಡು ಇವುಗಳ ಮಟ್ಟಿಗೆ ವಿಭಾವಸಾಮಗ್ರಿ ಬೇಕಾದಷ್ಟಿದೆ. ಕೊನೆಯಲ್ಲಿ ನೀರು ಶಾಂತವಾಗಿದ್ದಾಗ ಬರುವ ಬೆಚ್ಚು ಚೆನ್ನಾಗಿದೆ. ಆದರೆ ಕ್ಯಾಮರಾ ಕೊಲೆಗಾರನ ಕಣ್ಣಾಗುವ ತಂತ್ರ ಇಲ್ಲಿ ಏನಾಯಿತೆಂಬುದನ್ನು ನೋಡಿದರೆ ಪತನದ ಬಗೆ ತಿಳಿಯುತ್ತದೆ. ಅದು ಕೊಲೆಗಾರನು ಯಾರೆಂಬುದನ್ನು ಮರೆಮಾಡುವ ಒಂದು ಉಪಾಯ ಮಾತ್ರವಾಯಿತು. ಕೊನೆಗೆ ಗುಟ್ಟು ಹೊರಬಿದ್ದಾಗ ಕೊಲೆಗಾರ್ತಿ ಅದುವರೆಗೆ ನಾವು ಕಂಡೇ ಇಲ್ಲದ ಒಬ್ಬಾಕೆ. ಮಗನನ್ನು ಕಳೆದುಕೊಂಡ ತಾಯಿ. ಪುತ್ರಶೋಕದಂಥ ಮಹಾವಿಷಯವನ್ನು ಕೊನೆಯ ಕಾಲುಗಂಟೆಯ ವಿವರಣೆಗೆ ಉಪಯೋಗಿಸಿಕೊಂಡು ಬಿಟ್ಟರು. ಮೊದಲಿನಿಂದಲೂ ಆಕೆ ಶಿಬಿರದ ಅಡುಗೆಯವಳಾಗಿಯೋ ಮತ್ತಾವ ರೂಪದಲ್ಲಿಯೋ ನಮ್ಮ ಕಣ್ಮುಂದೆ ಇದ್ದಿದ್ದರೆ ಈ ಚಿತ್ರ ಕರುಣದ ಹೊಸ್ತಿಲನ್ನಾದರೂ ಮುಟ್ಟುತ್ತಿದ್ದಿತು. ಬದಲಾಗಿ ಟಾಮ್ ಸವೀನಿಯ ಕೈಚಳಕಕ್ಕೆ ಪ್ರಾಧಾನ್ಯ ಬಂದಿತು. ಮಂಚದ ಕೆಳಗಿನಿಂದ ಮಲಗಿದವನ ಕುತ್ತಿಗೆಯನ್ನು ಸೀಳಿ ಬರುವ ಬಾಣದಂಥ ಚಮತ್ಕಾರಗಳನ್ನು ನೋಡಿ ಪ್ರೇಕ್ಷಕರು ಬೆಚ್ಚುವುದರ ಜೊತೆಗೆ, ಇದನ್ನು ಹೇಗೆ ಮಾಡಿದರೋ ಎಂದು ಮೆಚ್ಚತೊಡಗಿದರು. ಭಯದ ಸ್ಥಾನವನ್ನು ಜುಗುಪ್ಸೆಯೂ ಜುಗುಪ್ಸೆಯ ಸ್ಥಾನವನ್ನು ಕುತೂಹಲವೂ ಆಕ್ರಮಿಸಿದುವು.

ಬೀಭತ್ಸದಿಂದ ಭಯಾನಕ ಹುಟ್ಟುತ್ತದೆಂದು ಭರತನೇ ಹೇಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೇಳಿದ್ದಾನೆ. ಆದರೆ ಹುಟ್ಟಿಸುವ ಸಾಮರ್ಥ್ಯ ಬೀಭತ್ಸಕ್ಕೆ ಇರುವುದು ಅದು ಮುಂದೇನಾದೀತೆಂಬ ಶಂಕೆಯನ್ನು ಎಬ್ಬಿಸಿದಾಗ. ಕೊಲೆಯೇ ದೃಶ್ಯದ ಗುರಿಯಾಗಿ ಅಲ್ಲಿಗೆ ಎಲ್ಲವೂ ಮುಗಿದುಹೋದರೆ ಶಂಕೆಗೆ ಎಡೆಯೆಲ್ಲಿ? ೧೯೮೧ರ ಒಂದೇ ವರ್ಷದಲ್ಲಿ ಇಂಥ ಚಿತ್ರಗಳು ಸಾಲುಗಟ್ಟಿ ಬಂದುವು. ಪಂಚಾಂಗದಲ್ಲಿದ್ದ ಹಬ್ಬಗಳೂ ಹುಟ್ಟುಹಬ್ಬಗಳೂ ಪದವಿದಾನದ ದಿನವೂ ಕೊಲೆಗೆ ನಿಮಿತ್ತಗಳಾದುವು. ಅವುಗಳಲ್ಲಿ ಬಹುಪಾಲನ್ನು ಕುರಿತು ಹೇಳಲು ಹೆಚ್ಚೇನೂ ಇಲ್ಲ: ಯಾರು ಎಲ್ಲಿದ್ದಾರೆಂಬುದೇ ತಿಳಿಯದ ಕತ್ತಲೆ, ಕಾಲವನ್ನು ತುಂಬಲು ಅಲೆದಾಟ, ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಗುರುತಿಸಲಾಗದ ಪಾತ್ರಗಳು. ಬಡತನವೇ ಇದಕ್ಕೆ ಕಾರಣವೆನ್ನುವುದು ಸರಿಯಲ್ಲ. ಹ್ಯಾಲೊವೀನಿಗಿಂತ ಹೆಚ್ಚು ಹಣ ಇವುಗಳಲ್ಲಿ ಹಲವಕ್ಕೆ ಇದ್ದಿತು. ಕೆನಡಾದ 'ಮೈ ಬ್ಲಡಿ ವ್ಯಾಲೆಂಟೈನ್' ಒಂದನ್ನು ಬೇರೆಯಿಡಬೇಕು. ನೋವಾಸ್ಕೋಷಿಯದ ನಿಜವಾದ ಕಲ್ಲಿದ್ದಲ ಗಣಿಯೊಂದರಲ್ಲಿ ತೆಗೆದ ಆ ಚಿತ್ರದ ಪಾತ್ರಗಳು ವಿದ್ಯಾರ್ಥಿಗಳಲ್ಲ, ಗಣಿಗೆ ಇಳಿದು ದುಡಿಯುವ ಹುಡುಗರು. ಅವರ ಕೊಲೆಗಾರನು ಅವರದೇ ಕೆಲಸದ ಉಡುಪನ್ನೂ ಗುದ್ದಲಿಯನ್ನೂ ಹಿಡಿದು ಬರುವುದರಲ್ಲಿ ದಿನದಿನವೂ ಗಣಿಯಲ್ಲಿ ಕಾದಿರುವ ಸಾವಿನ ಛಾಯೆಯಿದೆ.

ಇನ್ನು ಸ್ತ್ರೀಯರ ಪ್ರಶ್ನೆ. ೧೯೮೦ರಲ್ಲಿ ರೋಜರ್ ಈಬರ್ಟ್, ಜೀನ್ ಸಿಸ್ಕೆಲ್ ಎಂಬ ಇಬ್ಬರು ಪ್ರಸಿದ್ಧ ವಿಮರ್ಶಕರು ತಮ್ಮ ದೂರದರ್ಶನ ಕಾರ್ಯಕ್ರಮದಲ್ಲಿ ಈ ಚಿತ್ರಗಳನ್ನು ಸ್ತ್ರೀದ್ವೇಷದ ಫಲವೆಂದು ಖಂಡಿಸಿದರು. ಕ್ಯಾಮರಾ ಕೊಲೆಗಾರನ ಕಣ್ಣಾಗುವುದರಿಂದ ಪ್ರೇಕ್ಷಕನ ಪಕ್ಷಪಾತವೂ ಅವನ ಕಡೆಗೇ ವಾಲುವುದೆಂಬುದು ಅವರ ಮುಖ್ಯ ಆಕ್ಷೇಪ. ಹ್ಯಾಲೊವೀನನ್ನು ಮಾತ್ರ ಅವರು ಈ ದೋಷದಿಂದ ಹೊರಗಿಟ್ಟು ಹೊಗಳಿದರು. ಆಕ್ಷೇಪದಲ್ಲಿ ಸತ್ಯಾಂಶ ಬಹಳವಿದೆ. ಗಂಡಸರು ಕ್ಷಣದಲ್ಲಿ ಸಾಯುತ್ತಾರೆ, ಹೆಂಗಸರು ನಿಧಾನವಾಗಿ. ಅದೂ ಬಹುವೇಳೆ ಅರೆಬಟ್ಟೆಯಲ್ಲಿ. ಇದು ಆಕಸ್ಮಿಕವಲ್ಲ, ವ್ಯಾಪಾರ. ಆದರೆ ಕಣ್ಣೊಂದನ್ನೇ ಅಪರಾಧಿಯೆಂದು ಎಣಿಸುವುದು ಸಾಲದು. ದುಷ್ಯಂತನ ಕಣ್ಣಿನಿಂದ ನೋಡಿದ ಮಾತ್ರಕ್ಕೆ ನಾವು ಜಿಂಕೆಯ ವೈರಿಗಳಾಗಲಿಲ್ಲ. ಕ್ಯಾರಲ್ ಕ್ಲೋವರ್ ಅವರು ೧೯೮೭ರ ಪ್ರಬಂಧದಲ್ಲಿಯೂ ೧೯೯೨ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೂ ತೋರಿಸಿಕೊಟ್ಟಿರುವುದು ಇದಕ್ಕೆ ಹತ್ತಿರವಾದ ಮಾತನ್ನೇ: ಚಿತ್ರ ಮುಂದುವರಿದಂತೆ ಪ್ರೇಕ್ಷಕರು, ಅವರಲ್ಲಿ ಬಹುಪಾಲು ಹುಡುಗರೇ ಆದರೂ, ಕೊನೆಗುಳಿಯುವ ಹುಡುಗಿಯ ಪಕ್ಷಕ್ಕೆ ಬಂದು ನಿಲ್ಲುತ್ತಾರೆ. ಭಯವು ಸ್ತ್ರೀಯರಿಗೂ ನೀಚಪ್ರಕೃತಿಗಳಿಗೂ ಸಹಜವೆಂದು ನಮ್ಮ ಶಾಸ್ತ್ರ ಬರೆದಿಟ್ಟಿತು. ಈ ಚಿತ್ರಗಳು ಅದೇ ಹಳೆಯ ನಂಬಿಕೆಯಿಂದ ಹೊರಟು, ಅವುಗಳಲ್ಲಿ ಉತ್ತಮವಾದುವು ಅದನ್ನು ತಲೆಕೆಳಗು ಮಾಡುತ್ತವೆ. ಲಾರಿ ಹೆದರುತ್ತಾಳೆ, ನಡುಗುತ್ತಾಳೆ. ಆ ನಡುಗುವ ಕೈಯಲ್ಲಿಯೇ ಹೆಣೆಯುವ ಕಡ್ಡಿಯನ್ನೂ ಬಟ್ಟೆ ತೂಗುಹಾಕುವ ತಂತಿಯನ್ನೂ ಆಯುಧ ಮಾಡಿಕೊಳ್ಳುತ್ತಾಳೆ. ಭಯಪಡುವುದೂ ನೀಚತೆಯೂ ಒಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಸಿಗಲಾರದು.

ಏಮಿ ಹೋಲ್ಡನ್ ಜೋನ್ಸ್ ನಿರ್ದೇಶಿಸಿದ 'ದಿ ಸ್ಲಂಬರ್ ಪಾರ್ಟಿ ಮ್ಯಾಸಕರ್' (೧೯೮೨) ಈ ಸಂದರ್ಭದಲ್ಲಿ ಕುತೂಹಲಕರವಾದುದು. ಕಥೆ ಬರೆದವರು ರೀಟಾ ಮೇ ಬ್ರೌನ್ ಎಂಬ ಸ್ತ್ರೀವಾದಿ ಲೇಖಕಿ. ಬರೆದುದು ವಿಡಂಬನೆಯಾಗಿ, ತೆಗೆದುದು ಗಂಭೀರವಾಗಿ. ಅದರಿಂದ ಚಿತ್ರ ಎರಡು ಕಡೆಗೂ ಎಳೆದಾಡುತ್ತದೆ. ಸ್ನಾನಗೃಹದ ದೃಶ್ಯದಲ್ಲಿ ಕ್ಯಾಮರಾ ಹುಡುಗಿಯರ ಮೈಮೇಲೆ ಹರಿದಾಡುವುದು ಮಾರುಕಟ್ಟೆಗೆ ಸಲ್ಲಿಸಿದ ಕಪ್ಪ. ಕೊನೆಯಲ್ಲಿ ಒಬ್ಬಳಲ್ಲ, ಹುಡುಗಿಯರು ಕೂಡಿಯೇ ಕೊಲೆಗಾರನನ್ನು ಎದುರಿಸಿ ಅವನ ಕೊರೆಯುವ ಯಂತ್ರದ ಮೊನೆಯನ್ನು ಕತ್ತರಿಸಿ ಹಾಕುವುದು ಲೇಖಕಿಯ ಮೂಲ ಚೇಷ್ಟೆ. ಒಟ್ಟಿನಲ್ಲಿ ಸಫಲವಾದ ಕೃತಿಯೆನ್ನಲಾಗದು. ಆದರೆ ಒಂದೂಕಾಲು ಗಂಟೆಯ ಮಿತಿಯಲ್ಲಿ ಅದು ಎತ್ತಿದ ಪ್ರಶ್ನೆಗಳನ್ನು ಅದರ ಹತ್ತರಷ್ಟು ಬೆಲೆಯ ಚಿತ್ರಗಳು ಎತ್ತಲಿಲ್ಲ.

ಈಚಿನ ಕಾಲಕ್ಕೆ ಬಂದರೆ ಡೇಮಿಯನ್ ಲಿಯೋನ್ ಅವರ 'ಟೆರಿಫೈಯರ್ ೨' (೨೦೨೨) ಅಭಿಮಾನಿಗಳ ಚಂದಾಹಣವನ್ನೂ ಸೇರಿಸಿಕೊಂಡು ಸುಮಾರು ಎರಡೂವರೆ ಲಕ್ಷ ಡಾಲರಿನಲ್ಲಿ ತಯಾರಾಗಿ ಕೋಟಿ ಡಾಲರಿಗೂ ಮೀರಿ ಗಳಿಸಿತು. ನಿರ್ದೇಶಕರೇ ಪ್ರಸಾಧನಕಾರರು, ಕೈಯಿಂದ ಮಾಡಿದ ಕೆಲಸದ ಅಕ್ಕರೆ ಪ್ರತಿಯೊಂದು ಗಾಯದಲ್ಲಿಯೂ ಕಾಣುತ್ತದೆ ಎಂ‍ದರೆ ಹೊಗಳಿಕೆಯೂ ಆಯಿತು, ತೆಗಳಿಕೆಯೂ ಆಯಿತು. ಮಾತಿಲ್ಲದ ವಿದೂಷಕನಾಗಿ ಡೇವಿಡ್ ಹೊವರ್ಡ್ ಥಾರ್ನ್‌ಟನ್ ಅವರ ಆಂಗಿಕಾಭಿನಯ ಮೂಕಚಿತ್ರಗಳ ಕಾಲವನ್ನು ನೆನಪಿಗೆ ತರುವಷ್ಟು ಪರಿಣತ. ತಂದೆಯನ್ನು ಕಳೆದುಕೊಂಡ ಅಕ್ಕತಮ್ಮಂದಿರ ದುಃಖವನ್ನು ಕಥೆಯಲ್ಲಿ ತಂದಿರುವುದೂ ಸರಿಯೇ. ಆದರೆ ೧೩೮ ನಿಮಿಷಗಳ ಆ ಉದ್ದದಲ್ಲಿ ಒಂದೊಂದು ಕೊಲೆಯೂ ಅಂಗಡಿಯ ಮುಂದೆ ಹರಡಿದ ಸರಕಿನಂತೆ ನಿಲ್ಲುತ್ತದೆ. ನೋಡುವವರಿಗೆ ಮುಂದೇನಾದೀತೆಂಬ ಭಯಕ್ಕಿಂತ ಇದು ಯಾವಾಗ ಮುಗಿದೀತೆಂಬ ಯೋಚನೆ ಹೆಚ್ಚು. ಸಾಯುವವರು ಪಾತ್ರಗಳಾಗಿ ಉಳಿಯದೆ ಪ್ರಸಾಧನಕ್ಕೆ ಒದಗಿದ ದೇಹಗಳಾಗುತ್ತಾರೆ. ಬೇಟೆಗಾರನ ಕಣ್ಣನ್ನು ಇಟ್ಟುಕೊಂಡು ಜಿಂಕೆಯನ್ನು ಮರೆತುದಕ್ಕೆ ಇದು ಅತ್ಯಂತ ಶ್ರಮದ ಉದಾಹರಣೆ.

ಇದಕ್ಕೆ ಎದುರಾಗಿ ನಿಲ್ಲುವುದು ಕೆನಡಾದ ಕ್ರಿಸ್ ನ್ಯಾಷ್ ಅವರ 'ಇನ್ ಎ ವಯಲೆಂಟ್ ನೇಚರ್' (೨೦೨೪). ಅದು ಬೇಟೆಗಾರನ ಕಣ್ಣನ್ನೂ ಬಿಟ್ಟು ಅವನ ಬೆನ್ನನ್ನು ಹಿಡಿಯುತ್ತದೆ. ಚಿತ್ರದ ಬಹುಭಾಗದಲ್ಲಿ ಕ್ಯಾಮರಾ ಕೊಲೆಗಾರನ ಹಿಂದೆ ಹಿಂದೆಯೇ ಕಾಡಿನಲ್ಲಿ ನಡೆಯುತ್ತದೆ. ಹಿನ್ನೆಲೆಸಂಗೀತವಿಲ್ಲ; ಹುಲ್ಲು ತುಳಿಯುವ ಸದ್ದು, ಹಕ್ಕಿಯ ಕೂಗು, ದೂರದಲ್ಲಿ ಬೆಂಕಿಯ ಸುತ್ತ ಕುಳಿತ ತರುಣರ ಅರೆಬರೆ ಮಾತು. ಇತರ ಚಿತ್ರಗಳಲ್ಲಿ ಮುಖ್ಯಕಥೆಯಾಗುತ್ತಿದ್ದ ಅವರ ಪ್ರೀತಿ ಜಗಳಗಳೆಲ್ಲ ಇಲ್ಲಿ ಮರಗಳಾಚೆಯಿಂದ ಕೇಳಿಬರುವ ಚೂರುಗಳು. ನಡುನಡುವೆ ಬರುವ ಕೆಲವು ಕೊಲೆಗಳು ಹಳೆಯ ಚಪಲಕ್ಕೆ ಸೋತು ಬೀಭತ್ಸವನ್ನು ಅತಿಯಾಗಿ ಬಡಿಸುತ್ತವೆ; ಬೆಟ್ಟದಂಚಿನಲ್ಲಿ ಯೋಗಾಸನ ಮಾಡುತ್ತಿರುವ ಹುಡುಗಿಯ ಪ್ರಸಂಗವನ್ನು ಅಭಿಮಾನಿಗಳು ಕೊಂಡಾಡಿದರೂ ನಮಗೆ ಅದು ಚಿತ್ರದ ಮೌನವನ್ನು ಕೆಡಿಸಿದಂತೆ ತೋರಿತು. ಆದರೆ ಕೊನೆಗೆ ಕ್ಯಾಮರಾ ಬೇಟೆಗಾರನನ್ನು ಬಿಟ್ಟುಬಿಡುತ್ತದೆ. ಉಳಿದ ಹುಡುಗಿ ಕಾಡಿನಿಂದ ಓಡಿಬಂದು ರಸ್ತೆಯಲ್ಲಿ ಒಬ್ಬ ಹೆಂಗಸಿನ ವಾಹನವನ್ನು ಹತ್ತುತ್ತಾಳೆ. ಆ ಹೆಂಗಸು ತನ್ನ ತಮ್ಮನಿಗೂ ಕರಡಿಗೂ ಸಂಬಂಧಪಟ್ಟ ಒಂದು ಹಳೆಯ ಸಂಗತಿಯನ್ನು ನಿಧಾನವಾಗಿ ಹೇಳುತ್ತ ಹೋಗುತ್ತಾಳೆ. ಗಾಯಕ್ಕೆ ಕಟ್ಟು ಕಟ್ಟಲೆಂದು ದಾರಿಯಲ್ಲಿ ವಾಹನವನ್ನು ನಿಲ್ಲಿಸುತ್ತಾಳೆ. ಹುಡುಗಿಯ ಕಿವಿಗೆ ಯಾವ ಮಾತೂ ಬೀಳುತ್ತಿಲ್ಲ. ಅವಳ ಕಣ್ಣು ಕಾಡಿನ ಅಂಚಿನಲ್ಲಿದೆ, ನಮ್ಮ ಕಣ್ಣೂ ಅಲ್ಲಿಯೇ. ಎಲೆಯೊಂದು ಅಲುಗಿದರೂ ಎದೆ ಹಾರುತ್ತದೆ. ಅಲ್ಲಿಂದ ಯಾರೂ ಬರುವುದಿಲ್ಲ.